ವ್ಯಾಮ್ ಹಾಕಿದರೂ ಬೆಳೆ ಹಾಗೇ ಇದೆಯೇ? ಮೆಣಸಿನ ಸಸಿಮಡಿಯಿಂದ ಹೊಲದವರೆಗೆ ಹಂತ ಹಂತವಾಗಿ

"ಎಕರೆಗೆ ಇಪ್ಪತ್ತು ಕೆಜಿ ವ್ಯಾಮ್ ಎರಚಿದೆ ಸರ್, ಒಂದು ಎಲೆಯಷ್ಟೂ ಫರಕು ಕಾಣಲಿಲ್ಲ." ಮುಂಗಾರು ಮುಗಿಯುವ ಹೊತ್ತಿಗೆ ಈ ಮಾತು ಕೇಳದ ವರ್ಷವಿಲ್ಲ. ಹೇಳಿದವರನ್ನು ನಾನು ಮೂರೇ ಪ್ರಶ್ನೆ ಕೇಳುತ್ತೇನೆ: ಯಾವಾಗ ಹಾಕಿದಿರಿ, ಎಲ್ಲಿ ಹಾಕಿದಿರಿ, ಅದರ ಹಿಂದೆ ಮುಂದೆ ಇನ್ನೇನು ಹಾಕಿದಿರಿ? ಉತ್ತರ ಬಹುತೇಕ ಒಂದೇ. ನಾಟಿ ಮಾಡಿ ತಿಂಗಳಾದ ಮೇಲೆ, ಸಾಲಿನ ಮೇಲೆ ಎರಚಿ, ರಂಜಕದ ಗೊಬ್ಬರವಾದ ಡಿಎಪಿ ಜೊತೆ ಕಲಸಿ.

ವ್ಯಾಮ್ ಅಥವಾ ಮೈಕೋರೈಜಾ ಎಂದರೆ ಬೇರಿನೊಳಗೆ ಮನೆ ಮಾಡಿ ಬೇರಿನಾಚೆಗೆ ಎಳೆ ಚಾಚುವ ಶಿಲೀಂಧ್ರ. ರಂಜಕ ಮಣ್ಣಿನಲ್ಲಿ ಹರಿದು ಬರುವ ವಸ್ತುವಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿ ಸಿಕ್ಕಿದ್ದನ್ನು ಹೀರಿ ಮುಗಿಸಿದರೆ ಅಲ್ಲಿ ಬರಗಾಲ ಬಿದ್ದಂತೆಯೇ. ಶಿಲೀಂಧ್ರದ ಎಳೆ ಬೇರಿನ ರೋಮಕ್ಕಿಂತಲೂ ಸಣ್ಣದು. ಆ ಗಡಿ ದಾಟಿ ಹಲವು ಸೆಂಟಿಮೀಟರ್ ಆಚೆ ಹೋಗಿ ರಂಜಕ, ಸತು, ತಾಮ್ರ ತಂದುಕೊಡುತ್ತದೆ. ಕೂಲಿಯಾಗಿ ಗಿಡದಿಂದ ಸಕ್ಕರೆ ಪಡೆಯುತ್ತದೆ. ಜೀವಂತ ಬೇರು ಸಿಗದಿದ್ದರೆ ಅದು ಬೆಳೆಯುವುದೇ ಇಲ್ಲ. ಇಷ್ಟು ಗೊತ್ತಿದ್ದರೆ ಮುಂದಿನ ಹಂತಗಳು ಯಾಕೆ ಇದೇ ಕ್ರಮದಲ್ಲಿವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಇಲ್ಲಿ ಮಾದರಿಗೆ ತೆಗೆದುಕೊಂಡಿರುವುದು ಹಾವೇರಿ, ಧಾರವಾಡ ಕಡೆಯ ಮೆಣಸಿನಕಾಯಿ. ಟೊಮೆಟೊ, ಬದನೆ, ಈರುಳ್ಳಿ ಅಗಿಗೂ (ನಾಟಿ ಮಾಡುವ ಸಸಿಗೂ) ಕ್ರಮ ಇದೇ.

ಹಂತ 1: ನಿಮಗೆ ಇದು ಬೇಕೇ ಎಂದು ಮೊದಲು ನೋಡಿ

ಎಲೆಕೋಸು, ಹೂಕೋಸು, ಗಡ್ಡೆಕೋಸು, ಮೂಲಂಗಿ, ಸಾಸಿವೆ ಬೆಳೆಯುವವರು ದುಡ್ಡು ಉಳಿಸಿಕೊಳ್ಳಿ. ಆ ಕುಟುಂಬದ ಬೇರು ಈ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪಾಲಕ್, ಬೀಟ್‌ರೂಟ್‌ಗಳದ್ದೂ ಅದೇ ಕಥೆ. ನೀರು ನಿಲ್ಲಿಸಿ ಬೆಳೆಯುವ ಭತ್ತದ ಗದ್ದೆಯಲ್ಲಿ ಗಾಳಿಯಾಡದ ಕಾರಣ ಪರಿಣಾಮ ತೀರಾ ಕಡಿಮೆ. ಮೆಣಸಿನಕಾಯಿ, ಈರುಳ್ಳಿ, ಗೋವಿನಜೋಳ, ರಾಗಿ, ತೊಗರಿ, ಶೇಂಗಾ, ಬಾಳೆ, ಅಡಿಕೆ, ಕಾಫಿ, ಕಾಳುಮೆಣಸು ಇದನ್ನು ಚೆನ್ನಾಗಿ ಒಪ್ಪುತ್ತವೆ.

ಆಮೇಲೆ ಮಣ್ಣು ಪರೀಕ್ಷೆಯ ಚೀಟಿ ತೆಗೆದು ರಂಜಕದ ಸಾಲು ಓದಿ. ಹೆಕ್ಟೇರಿಗೆ ಸುಮಾರು 23 ಕೆಜಿಗಿಂತ ಕಡಿಮೆ ಇದ್ದರೆ 'ಕಡಿಮೆ', 56ರ ಆಸುಪಾಸಿನವರೆಗೆ 'ಮಧ್ಯಮ', ಅದಕ್ಕಿಂತ ಮೇಲೆ 'ಹೆಚ್ಚು'. ವರ್ಷಕ್ಕೆ ಎರಡು ಸಲ ಡಿಎಪಿ ಸುರಿದ ನೀರಾವರಿ ಹೊಲಗಳಲ್ಲಿ ಚೀಟಿ 'ಹೆಚ್ಚು' ಎಂದೇ ಬರುತ್ತದೆ. ಅಲ್ಲಿ ಗಿಡಕ್ಕೆ ಈ ಕೂಲಿಯಾಳು ಬೇಕಿಲ್ಲ, ಸಕ್ಕರೆ ಕೊಟ್ಟು ಸಾಕುವುದೂ ಇಲ್ಲ. ಅಂಥ ಹೊಲದಲ್ಲಿ ಒಂದೆರಡು ಬೆಳೆಗೆ ರಂಜಕ ನಿಲ್ಲಿಸುವುದೇ ಲಾಭ.

ಹೆಚ್ಚು ಫಲ ಕಾಣುವುದು ಎಲ್ಲಿ ಎಂದರೆ ರಂಜಕ ಇದ್ದೂ ಸಿಗದ ಕಡೆ. ಎರೆ ಭೂಮಿಯಲ್ಲಿ ಸುಣ್ಣ ಅದನ್ನು ಹಿಡಿದಿಡುತ್ತದೆ, ಮಲೆನಾಡಿನ ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಹಲವು ತಿಂಗಳು ಬೆಳೆಯಿಲ್ಲದೆ ಬೀಳುಬಿಟ್ಟ ಹೊಲ, ಎಲೆಕೋಸಿನ ನಂತರದ ಹೊಲ, ಪಾಲಿಥೀನ್ ಹೊದಿಸಿ ಬಿಸಿಲಿಗೆ ಕಾಯಿಸಿದ ಮಡಿ, ಇಲ್ಲೆಲ್ಲ ಮಣ್ಣಿನದೇ ಶಿಲೀಂಧ್ರ ಕುಗ್ಗಿರುತ್ತದೆ. ಹೊರಗಿನಿಂದ ಕೊಟ್ಟದ್ದಕ್ಕೆ ಇಂಥ ಕಡೆ ಕೆಲಸ ಇರುತ್ತದೆ.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಮಣ್ಣು ಅಥವಾ ವರ್ಮಿಕ್ಯುಲೈಟ್ (ಹಗುರ ಖನಿಜದ ಹರಳು) ಆಧಾರದ ವ್ಯಾಮ್, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು 98 ಕುಳಿಗಳ ಪ್ರೋಟ್ರೇ, ಅಂದರೆ ಸಸಿ ಬೆಳೆಸುವ ಟ್ರೇ, ಅಥವಾ ಏರುಮಡಿಗೆ ಜಾಗ, ಒಂದು ಟೀ ಚಮಚ, ತೂತುಬಾಯಿಯ ನೀರಿನ ಕ್ಯಾನ್, ನೆರಳಿನ ಕೋಣೆ, ಗುರುತು ಹಾಕಲು ಒಂದಿಷ್ಟು ಕಡ್ಡಿ. ಅಷ್ಟೇ.

ಎಷ್ಟು ಕೊಳ್ಳಬೇಕು? ಲೆಕ್ಕ ಮಾಡಿ ನೋಡಿ. 75×60 ಸೆಂ.ಮೀ. ಅಂತರಕ್ಕೆ ಎಕರೆಗೆ ಸುಮಾರು 9 ಸಾವಿರ ಅಗಿ ಬೇಕು. ನಾಟಿ ಮಾಡುವಾಗ ಗುಣಿಗೆ 20 ಗ್ರಾಂ ಹಾಕಿದರೆ 180 ಕೆಜಿ ಆಯಿತು. ಅದೇ ಅಗಿಗಳಿಗೆ ಒಂದು ಗುಂಟೆ ಸಸಿಮಡಿಯಲ್ಲೇ ಚದರ ಮೀಟರಿಗೆ 100 ಗ್ರಾಂನಂತೆ ಕೊಟ್ಟರೆ 10 ಕೆಜಿ ಸಾಕು. ಹೊಲಕ್ಕೆ ಎರಚುವವರು 20 ಕೆಜಿಯಲ್ಲಿ 180 ಕೆಜಿಯ ಕೆಲಸ ನಿರೀಕ್ಷಿಸುತ್ತಿದ್ದಾರೆ, ಅದೂ ಬೇರಿಲ್ಲದ ಜಾಗದಲ್ಲಿ. ಗಾಢ ಪುಡಿ ಅಥವಾ ದ್ರವರೂಪದ್ದು ಕೊಂಡರೆ ಈ ಲೆಕ್ಕ ನಡೆಯದು, ಪೊಟ್ಟಣದ ಮೇಲಿನ ಪ್ರಮಾಣವನ್ನೇ ಅನುಸರಿಸಿ.

ಕೊಳ್ಳುವಾಗ ತಯಾರಿಕೆಯ ದಿನ, ಕೊನೆಯ ದಿನ, ಗ್ರಾಂಗೆ ಎಷ್ಟು ಜೀವಂತ ಕಣ ಎಂಬ ಮೂರನ್ನೂ ಓದಿ. 1985ರ ಗೊಬ್ಬರ ನಿಯಂತ್ರಣ ಆದೇಶದಡಿ ಮೈಕೋರೈಜಾ ಗೊಬ್ಬರಕ್ಕೂ ಗುಣಮಟ್ಟ ನಿಗದಿಯಾಗಿದೆ. ಕಣದ ಲೆಕ್ಕವೇ ಬರೆಯದ ಚೀಲವನ್ನು ನಾನು ಮುಟ್ಟುವುದಿಲ್ಲ. ತಂದ ಮೇಲೆ ಪಂಪ್‌ಹೌಸಿನ ತಗಡಿನ ಕೆಳಗೆ, ಯೂರಿಯಾ ಚೀಲದ ಪಕ್ಕ ಇಡಬೇಡಿ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಕೈ ಇಟ್ಟು ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ.

ಹಂತ 3: ಪುಡಿಗೆ ಜೀವ ಇದೆಯೇ ಎಂದು ಮೂರು ಲೋಟದಲ್ಲಿ ಪರೀಕ್ಷಿಸಿ

ಸಸಿಮಡಿಗೆ ಎರಡು ತಿಂಗಳು ಮೊದಲೇ ಇದನ್ನು ಮಾಡಿಕೊಂಡರೆ ಒಳ್ಳೆಯದು. ಬಡ ಮಸಾರಿ ಮಣ್ಣು ಅರ್ಧ, ಮರಳು ಅರ್ಧ ಬೆರೆಸಿ, ಇಡ್ಲಿ ಬೇಯಿಸಿದಂತೆ ಒಂದು ಗಂಟೆ ಹಬೆಯಲ್ಲಿಟ್ಟು ಆರಿಸಿ. ತಳಕ್ಕೆ ತೂತು ಮಾಡಿದ ಮೂರು ದೊಡ್ಡ ಲೋಟಗಳಿಗೆ ತುಂಬಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಒಂದು ಚಮಚ ವ್ಯಾಮ್. ಮೂರನೆಯದಕ್ಕೆ ಅದೇ ವ್ಯಾಮ್ ಒಂದು ಚಮಚ, ಆದರೆ ಮಣ್ಣಿನ ಹಾಗೆಯೇ ಹಬೆಯಲ್ಲಿ ಬೇಯಿಸಿದ್ದು. ಮೂರಕ್ಕೂ ಜೋಳ ಬಿತ್ತಿ ಬರೀ ನೀರು ಕೊಡಿ.

ಈ ಮೂರನೆಯ ಲೋಟವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಪುಡಿಯ ಜೊತೆ ಒಂದಿಷ್ಟು ಗೊಬ್ಬರವೂ ಬೆರೆತಿದ್ದರೆ ಗಿಡ ಅದರಿಂದಲೇ ಹಸಿರಾಗಬಹುದು. ಬೇಯಿಸಿದ ಲೋಟವೂ ಅಷ್ಟೇ ಚೆನ್ನಾಗಿ ಬೆಳೆದರೆ ಕೆಲಸ ಮಾಡಿದ್ದು ಗೊಬ್ಬರ, ಶಿಲೀಂಧ್ರವಲ್ಲ. 35 ರಿಂದ 40 ದಿನಕ್ಕೆ ಎರಡನೆಯ ಲೋಟ ಉಳಿದೆರಡಕ್ಕಿಂತ ಎದ್ದು ಕಾಣಬೇಕು. ಮೂರೂ ಒಂದೇ ತರ ಇದ್ದರೆ ಬೇರನ್ನು ಹಂತ 6ರಂತೆ ತೋರಿಸಿ, ಆಮೇಲೆ ತೀರ್ಮಾನಿಸಿ.

ಹಂತ 4: ಬೀಜದ ಕೆಳಗೆ ಹಾಸಿ

ಎರಚುವುದಲ್ಲ, ಹಾಸುವುದು. ಮೊಳಕೆಯೊಡೆದ ಬೇರು ಕೆಳಗಿಳಿಯುವಾಗ ಈ ಪದರವನ್ನು ಹಾಯ್ದು ಹೋಗಲೇಬೇಕು.

ಏರುಮಡಿಯಲ್ಲಿ: ಮಡಿ ಸಮ ಮಾಡಿ, ಬೀಜದ ಸಾಲಿಗೆ 2 ರಿಂದ 3 ಸೆಂ.ಮೀ. ಆಳದ ಗೆರೆ ಎಳೆಯಿರಿ. ಚದರ ಮೀಟರಿಗೆ 100 ಗ್ರಾಂ ವ್ಯಾಮನ್ನು ಆ ಗೆರೆಗಳಲ್ಲಿ ಹಂಚಿ. ಮೇಲೆ ಬೆರಳು ದಪ್ಪ ಮಣ್ಣು, ಅದರ ಮೇಲೆ ಬೀಜ, ಮತ್ತೆ ತೆಳ್ಳಗೆ ಪುಡಿ ಗೊಬ್ಬರ.

ಪ್ರೋಟ್ರೇಯಲ್ಲಿ: ಕುಳಿಯ ಮುಕ್ಕಾಲು ಭಾಗ ಕೊಕೊಪೀಟ್ ತುಂಬಿ, ಒಂದು ಚಿಟಿಕೆ, ಅಂದರೆ ಸುಮಾರು 1 ಗ್ರಾಂ ವ್ಯಾಮ್ ಹಾಕಿ, ಮೇಲೆ ಮತ್ತೆ ಕೊಕೊಪೀಟ್ ಮುಚ್ಚಿ ಬೀಜ ಊರಿ. 98 ಕುಳಿಗೆ 100 ಗ್ರಾಂ ಹಿಡಿಯುತ್ತದೆ. ಬೇಸರವಾದರೆ ಕೊಕೊಪೀಟಿಗೇ ಬೆರೆಸಿಬಿಡಬಹುದು, ಆದರೆ ಆಗ ಇನ್ನಷ್ಟು ಪುಡಿ ಬೇಕು.

ಬಣ್ಣ ಹಚ್ಚಿದ ಬೀಜಕ್ಕೆ ವ್ಯಾಮನ್ನು ಬೆಲ್ಲದ ನೀರಿನಲ್ಲಿ ಅಂಟಿಸುವವರಿದ್ದಾರೆ. ಆ ಬಣ್ಣದ ಜೊತೆ ಶಿಲೀಂಧ್ರನಾಶಕವೂ ಇರುತ್ತದೆ ಎಂಬುದು ಮರೆತಿರುತ್ತದೆ. ಪದರ ಕೆಳಗೆ, ಬೀಜ ಮೇಲೆ, ನಡುವೆ ಒಂದು ಬೆರಳು ಅಂತರ ಇದ್ದರೆ ಈ ಜಗಳ ತಪ್ಪುತ್ತದೆ.

ನಾಲ್ಕು ಟ್ರೇಗೆ ಅಥವಾ ಒಂದು ಮೂಲೆಯ ಮಡಿಗೆ ವ್ಯಾಮ್ ಹಾಕದೆ ಬಿಟ್ಟು ಕಡ್ಡಿ ನೆಡಿ. ಹೋಲಿಸಲು ಬೇರೆ ಇಲ್ಲದಿದ್ದರೆ ಮಳೆ ಚೆನ್ನಾಗಿ ಆದ ವರ್ಷ ವ್ಯಾಮ್ ಗೆದ್ದಂತೆ, ಮಳೆ ಕೈಕೊಟ್ಟ ವರ್ಷ ಸೋತಂತೆ ಕಾಣುತ್ತದೆ.

ಹಂತ 5: ಮೊದಲ ಮೂವತ್ತು ದಿನ ಕೈ ಕಟ್ಟಿಕೊಂಡಿರಿ

ಹತ್ತರಲ್ಲಿ ಏಳೆಂಟು ಜನ ಸೋಲುವುದು ಇಲ್ಲೇ. ನಾನೂ ಇಲ್ಲೇ ಸೋತವನು. ಮೊದಲ ವರ್ಷ ಎಲ್ಲ ಕ್ರಮಬದ್ಧವಾಗಿ ಮಾಡಿದ್ದೆ. ಹನ್ನೆರಡನೆಯ ದಿನ ಮೋಡ ಕವಿದು ಜಿಟಿಜಿಟಿ ಹಿಡಿಯಿತು, ಒಂದು ಮೂಲೆಯಲ್ಲಿ ಅಗಿಗಳು ಬುಡ ಕೊಳೆತು ಮಲಗತೊಡಗಿದವು. ಗಾಬರಿಬಿದ್ದು ಇಡೀ ಮಡಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿದೆ. ಸಸಿ ಉಳಿದವು. ಆದರೆ ನಾಟಿಗೆ ಕಿತ್ತಾಗ ವ್ಯಾಮ್ ಹಾಕಿದ್ದಕ್ಕೂ ಹಾಕದ ಮೂಲೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ದುಡ್ಡು ಕೊಟ್ಟು ತಂದ ಶಿಲೀಂಧ್ರವನ್ನು ದುಡ್ಡು ಕೊಟ್ಟೇ ಕೊಂದಿದ್ದೆ.

ಕಾರ್ಬೆಂಡಜಿಮ್ ಮತ್ತು ಅದೇ ಗುಂಪಿನ ಬೆನೊಮಿಲ್ ಈ ಶಿಲೀಂಧ್ರಕ್ಕೆ ನೇರ ವಿಷ. ಪ್ರಯೋಗದಲ್ಲಿ ಮೈಕೋರೈಜಾ ಇಲ್ಲದ ಗಿಡ ಬೇಕಾದಾಗ ವಿಜ್ಞಾನಿಗಳು ಬೆನೊಮಿಲ್ ಸುರಿಯುತ್ತಾರೆ ಎಂದರೆ ಅರ್ಥ ಮಾಡಿಕೊಳ್ಳಿ. ತಾಮ್ರದ ಔಷಧಿಯನ್ನು ಮಣ್ಣಿಗೆ ಸುರಿಯುವುದೂ ಬೇಡ. ಸಸಿ ಸಾಯುವ ರೋಗಕ್ಕೆ ಮದ್ದು ಕೊಡಲೇಬೇಕಾಗಿ ಬಂದರೆ ಮೆಟಲಾಕ್ಸಿಲ್ ಇದಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅದನ್ನೂ ರೋಗ ಬಿದ್ದ ಜಾಗಕ್ಕಷ್ಟೇ, ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಕೊಡಿ. ಅದಕ್ಕೂ ಮೊದಲು ನೀರು ಕಡಿಮೆ ಮಾಡಿ, ದಟ್ಟ ಸಸಿ ತೆಳುಗೊಳಿಸಿ. ಬುಡ ಕೊಳೆಯುವುದು ಮುಕ್ಕಾಲುಪಾಲು ನೀರು ಹೆಚ್ಚಾಗಿಯೇ.

ಎರಡನೆಯ ಶತ್ರು 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ. ಟ್ರೇ ಅಗಿಗೆ ವಾರಕ್ಕೊಮ್ಮೆ ಅದನ್ನು ಕೊಡುವ ರೂಢಿ ಇದೆ. ಬೇರಿನ ಬಾಯಿಗೇ ರಂಜಕ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಸಸಿ ಬಿಳಚಿಕೊಂಡರೆ ತೆಳು ಯೂರಿಯಾ ನೀರು ಅಥವಾ ಕ್ಯಾಲ್ಸಿಯಂ ನೈಟ್ರೇಟ್ ಸಾಕು, ರಂಜಕ ಬೇಡ.

ಇನ್ನೊಂದು ಎಚ್ಚರಿಕೆ. ಎರಡನೇ, ಮೂರನೇ ವಾರದಲ್ಲಿ ವ್ಯಾಮ್ ಕೊಟ್ಟ ಸಸಿ ಕೊಡದ ಸಸಿಗಿಂತ ಸ್ವಲ್ಪ ಕುಳ್ಳಗೆ ಕಾಣಬಹುದು. ಶಿಲೀಂಧ್ರ ಆಗಿನ್ನೂ ಸಕ್ಕರೆ ತಿನ್ನುತ್ತಿರುತ್ತದೆ, ವಾಪಸು ಕೊಡಲು ಶುರುಮಾಡಿರುವುದಿಲ್ಲ. ಆ ವಾರ ಹೆದರಿ ಗೊಬ್ಬರ ಸುರಿದರೆ ಅಲ್ಲಿಗೆ ಮುಗಿಯಿತು. ಆದರೆ ನಾಲ್ಕು ವಾರ ದಾಟಿದರೂ ಎಲೆಯಡಿ ನೇರಳೆ ಬಣ್ಣ, ಗಿಡ ಕುಳ್ಳು ಎಂದಾದರೆ ರಂಜಕದ ಹಸಿವು ನಿಜವಾದದ್ದು. ಶಿಲೀಂಧ್ರ ಹಿಡಿದಿಲ್ಲ, ಇನ್ನು ಗೊಬ್ಬರ ಕೊಡಿ.

ಟ್ರೈಕೋಡರ್ಮಾ (ಬೇರಿನ ರೋಗ ತಡೆಯಲು ಕೊಡುವ ಇನ್ನೊಂದು ಶಿಲೀಂಧ್ರ) ಕೊಡುವವರು ಅದನ್ನೂ ವ್ಯಾಮನ್ನೂ ಒಂದೇ ಬಕೆಟ್ಟಿನಲ್ಲಿ ಬೆರೆಸಬೇಡಿ. ಅದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ನಾಟಿ ಹೊತ್ತಿಗೆ ಕೊಟ್ಟರೆ ಇಬ್ಬರಿಗೂ ಜಾಗ ಸಿಗುತ್ತದೆ.

ಹಂತ 6: ಕೀಳುವ ಮುಂಚೆ ಬೇರು ನೋಡಿ

ಬರಿಗಣ್ಣಿಗೆ ಮೆಣಸಿನ ಬೇರಿನಲ್ಲಿ ಏನೂ ಕಾಣದು. "ಬೇರಿನ ಮೇಲೆ ಬಿಳಿ ಬೂಷ್ಟು ಬಂದಿದೆ, ವ್ಯಾಮ್ ಹಿಡಿದಿದೆ" ಎನ್ನುವುದು ತಪ್ಪು. ಅದು ಬೇರೆ ಯಾವುದೋ ಬೂಷ್ಟು.

30ನೇ ದಿನ ಐದಾರು ಸಸಿಯ ಸಣ್ಣ ಬೇರು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೃಷಿ ಕಾಲೇಜು ಅಥವಾ ಸೂಕ್ಷ್ಮದರ್ಶಕ ಇರುವ ಹತ್ತಿರದ ಕಾಲೇಜಿಗೆ ಒಯ್ಯಿರಿ. ಅವರಲ್ಲಿ ಟ್ರಿಪಾನ್ ಬ್ಲೂ ಬಣ್ಣ ಇಲ್ಲದಿದ್ದರೂ ಚಿಂತೆಯಿಲ್ಲ, ಪೆನ್ನಿನ ಶಾಯಿ ಮತ್ತು ಬಿಳಿ ವಿನೆಗರ್ ಸಾಕು. ಬೇರನ್ನು ಮೊದಲು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕಾಯಿಸಿ ಪಾರದರ್ಶಕ ಮಾಡಿಕೊಳ್ಳಬೇಕು. ಇದು ಕೈ ಸುಡುವ ಕ್ಷಾರ, ಕೈಗವಸು ಕನ್ನಡಕ ಇರುವ ಲ್ಯಾಬಿನ ಕೆಲಸವೇ ಹೊರತು ಅಡುಗೆಮನೆಯದಲ್ಲ. ಚೆನ್ನಾಗಿ ತೊಳೆದು, ಶೇ 5 ಶಾಯಿ ಬೆರೆಸಿದ ವಿನೆಗರಿನಲ್ಲಿ ಮೂರು ನಿಮಿಷ ಕುದಿಸಿ, ಕೆಲ ಹನಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಹೆಚ್ಚಿನ ಬಣ್ಣ ಬಿಟ್ಟುಹೋಗುತ್ತದೆ.

ನೂರು ಪಟ್ಟು ಹಿಗ್ಗಿಸಿದಾಗ ಕಾಣುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೇರು ಗಾಜಿನ ಕೊಳವೆಯ ಹಾಗೆ ತಿಳಿಯಾಗಿರುತ್ತದೆ. ಅದರೊಳಗೆ ಉದ್ದುದ್ದಕ್ಕೆ ನೀಲಿ ದಾರ, ದಾರದ ತುದಿಗೆ ಜೀವಕೋಶದ ಒಳಗೇ ಹರಡಿದ ಪುಟ್ಟ ಪೊದೆ, ಅಲ್ಲಲ್ಲಿ ಸಾಬೂದಾನಿಯಂಥ ದುಂಡು ಗುಳ್ಳೆ. ಆ ಪೊದೆಯಲ್ಲೇ ರಂಜಕ ಕೈ ಬದಲಾಗುವುದು. ತುಂಡು ತುಂಡು ಬೇರಿನಲ್ಲೂ ಏನೂ ಕಾಣದಿದ್ದರೆ ನಾಟಿಗೆ ಹೊಸ ವ್ಯಾಮ್ ಬೇಕು, ಅಥವಾ ಈ ವರ್ಷ ಮಾಮೂಲಿ ಗೊಬ್ಬರ.

ಹಂತ 7: ನಾಟಿ

35 ರಿಂದ 45 ದಿನದ ಅಗಿಯನ್ನು ಬೇರಿನ ಮಣ್ಣು ಉದುರದಂತೆ ತೆಗೆಯಿರಿ. ಏರುಮಡಿಯಿಂದ ಕಿತ್ತು ಬೇರು ತೊಳೆದು, ಕಟ್ಟು ಕಟ್ಟಿ, ಔಷಧಿ ಬಕೆಟ್ಟಿನಲ್ಲಿ ಅದ್ದಿ ನಾಟಿ ಮಾಡುವ ರೂಢಿ ನಮ್ಮಲ್ಲಿದೆ. ಇಷ್ಟು ದಿನದ ಕೆಲಸ ಆ ಬಕೆಟ್ಟಿನಲ್ಲಿ ತೊಳೆದುಹೋಗುತ್ತದೆ. ಹುಳದ ಔಷಧಿ ಬೇಕಾದರೆ ಎಲೆಗೆ ಕೊಡಿ.

ಡಿಎಪಿಯನ್ನು ಗುಣಿಗೆ ಹಾಕಬೇಡಿ. ಮಣ್ಣಿನ ಚೀಟಿ 'ಕಡಿಮೆ' ಅಥವಾ 'ಮಧ್ಯಮ' ಎಂದಿದ್ದರೆ ಶಿಫಾರಸಿನ ರಂಜಕದಲ್ಲಿ ಕಾಲು ಭಾಗ ಇಳಿಸಿ, ಉಳಿದದ್ದನ್ನು ಸಾಲಿನಿಂದ ಒಂದು ಗೇಣು ದೂರ ಕೊಡಿ. ಪೂರ್ತಿ ನಿಲ್ಲಿಸುವುದೂ ತಪ್ಪು. ಶಿಲೀಂಧ್ರ ರಂಜಕವನ್ನು ಹೊತ್ತು ತರುತ್ತದೆ, ಹುಟ್ಟಿಸುವುದಿಲ್ಲ. ಸಾರಜನಕ, ಪೊಟ್ಯಾಷ್ ಎಂದಿನಂತೆ ಇರಲಿ. ಹುಳಿ ಮಣ್ಣಿನವರು ಶಿಲಾರಂಜಕ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾ ಜೊತೆಗೂಡಿಸಬಹುದು. ಒಂದು ಕರಗಿಸುತ್ತದೆ, ಇನ್ನೊಂದು ಹೊರುತ್ತದೆ.

ಹಂತ 8: ಮುಂದಿನ ವರ್ಷಕ್ಕೆ ನೀವೇ ತಯಾರಿಸಿ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 30 ಸೆಂ.ಮೀ. ಆಳದ ಗುಂಡಿ ತೆಗೆದು ಕಪ್ಪು ಪಾಲಿಥೀನ್ ಹಾಸಿ. 50 ಕೆಜಿ ವರ್ಮಿಕ್ಯುಲೈಟಿಗೆ ಹಬೆಯಲ್ಲಿ ಬೇಯಿಸಿದ 5 ಕೆಜಿ ಮಣ್ಣು ಬೆರೆಸಿ 20 ಸೆಂ.ಮೀ. ತುಂಬಿ. ಮೇಲಿನಿಂದ 2 ರಿಂದ 5 ಸೆಂ.ಮೀ. ಕೆಳಗೆ 1 ಕೆಜಿ ಮೂಲ ವ್ಯಾಮ್ ಹಾಸಿ. ಈ 1 ಕೆಜಿಯನ್ನು ಮಾತ್ರ ನಂಬಿಕೆಯ ಕಡೆಯಿಂದ, ಕೃಷಿ ವಿಶ್ವವಿದ್ಯಾಲಯದಂಥಲ್ಲಿಂದ ತನ್ನಿ. ಮೂಲ ಸತ್ತಿದ್ದರೆ ಗುಂಡಿಯಲ್ಲಿ ಬೆಳೆಯುವುದು ಬರೀ ಮೇವು.

ಬಣ್ಣ ಹಚ್ಚದ ಗೋವಿನಜೋಳದ ಬೀಜವನ್ನು ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಎರಡು ನಿಮಿಷ ಅದ್ದಿ, ತೊಳೆದು ಬಿತ್ತಿ. ಬಿತ್ತುವಾಗ ಗುಂಡಿಗೆ 2 ಗ್ರಾಂ ಯೂರಿಯಾ, 2 ಗ್ರಾಂ ಸೂಪರ್ ಫಾಸ್ಫೇಟ್, 1 ಗ್ರಾಂ ಪೊಟ್ಯಾಷ್. ಗ್ರಾಂ ಎಂದೇ ಓದಿ, ಮುಷ್ಟಿ ಅಲ್ಲ. 30 ಮತ್ತು 45ನೇ ದಿನ 10 ಗ್ರಾಂ ಯೂರಿಯಾ. ಆ ಎರಡೂ ಸಲ ಒಂದು ಗಿಡ ಕಿತ್ತು ಬೇರು ನೋಡಿ. ಶಿಲೀಂಧ್ರ ಚೆನ್ನಾಗಿ ಹಿಡಿದ ಗೋವಿನಜೋಳದ ಹಸಿ ಬೇರಿಗೆ ತಿಳಿ ಹಳದಿ ಛಾಯೆ ಇರುತ್ತದೆ, ಬೆಳಕಿಗೆ ಒಡ್ಡಿದರೆ ಮಾಸುತ್ತದೆ. ಗಂಟು ಗಂಟಾದ ಬೇರು ಕಂಡರೆ ಜಂತುಹುಳು ಸೇರಿದೆ ಎಂದರ್ಥ. ಆ ಗುಂಡಿಯದ್ದನ್ನು ಮೆಣಸಿನ ಮಡಿಗೆ ತರಲೇಬೇಡಿ, ವ್ಯಾಮ್ ಹೆಸರಲ್ಲಿ ರೋಗ ಹಂಚಿದಂತಾಗುತ್ತದೆ.

ಐವತ್ತನೇ ದಿನದಿಂದ ನೀರು ನಿಲ್ಲಿಸಿ. ಗಿಡ ಒಣಗತೊಡಗಿದಾಗ ಶಿಲೀಂಧ್ರ ಬೀಜಕಣ ಕಟ್ಟಿಕೊಳ್ಳುತ್ತದೆ. ಅರವತ್ತನೇ ದಿನ ಗಿಡವನ್ನು ನೆಲಮಟ್ಟಕ್ಕೆ ಕೊಯ್ದು ದನಕ್ಕೆ ಹಾಕಿ. ಬೇರನ್ನು ಸಣ್ಣಗೆ ಕತ್ತರಿಸಿ ವರ್ಮಿಕ್ಯುಲೈಟಿಗೇ ಬೆರೆಸಿ ನೆರಳಿನಲ್ಲಿ ಆರಿಸಿ. ಸುಮಾರು 55 ಕೆಜಿ ಸಿಗುತ್ತದೆ, 550 ಚದರ ಮೀಟರ್ ಸಸಿಮಡಿಗೆ ಸಾಕು. ಮೇ ಕೊನೆಗೆ ಮೆಣಸಿನ ಬೀಜ ಹಾಕುವವರು ಮಾರ್ಚ್ ಮಧ್ಯಕ್ಕೆ ಗುಂಡಿ ಶುರುಮಾಡಿದರೆ ಸರಿಹೋಗುತ್ತದೆ.

ಹಂತ 9: ಪಾಲಿಥೀನ್ ಚೀಲದ ಸಸಿ, ಬೆಳೆದ ಮರ

ಕಾಳುಮೆಣಸಿನ ಬಳ್ಳಿ, ಕಾಫಿ, ಅಡಿಕೆ ಸಸಿಯ ಚೀಲಕ್ಕೆ 5 ರಿಂದ 10 ಗ್ರಾಂ, ಬೇರು ಬರುವ ಮಟ್ಟದಲ್ಲಿ. ಅಂಗಾಂಶ ಕೃಷಿಯ ಬಾಳೆ ಗಾಜಿನ ಬಾಟಲಿಯಲ್ಲಿ ಹುಟ್ಟಿದ್ದು, ಅದರ ಬೇರಿಗೆ ಶಿಲೀಂಧ್ರದ ಪರಿಚಯವೇ ಇರುವುದಿಲ್ಲ. ಚೀಲಕ್ಕೆ ಬದಲಾಯಿಸುವ ದಿನವೇ ಕೊಡಿ. ಬೆಳೆದ ಮರಕ್ಕೆ 200 ಗ್ರಾಂ, ಬುಡಕ್ಕಲ್ಲ, ಸಣ್ಣ ಬಿಳಿ ಬೇರು ಸಿಗುವ ತನಕ ಮಣ್ಣು ಕೆದಕಿ ಅಲ್ಲಿಗೆ. ತಾಮ್ರದ ಬೋರ್ಡೋ ದ್ರಾವಣವನ್ನು ಬುಡಕ್ಕೆ ಸುರಿಯುವ ತೋಟಗಳಲ್ಲಿ ನಾನು ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳುವುದಿಲ್ಲ.

ಹಂತ 10: ಕಟಾವಿನ ನಂತರ

ಮೆಣಸಿನ ಗಿಡವನ್ನು ಬೇರು ಸಮೇತ ಕಿತ್ತು ಬದುವಿಗೆ ಒಗೆಯಬೇಡಿ, ಬುಡಕ್ಕೆ ಕೊಯ್ದು ಬೇರು ಒಳಗೇ ಬಿಡಿ. ಬಾಡು ರೋಗ ಅಥವಾ ಗಂಟುಬೇರು ಬಿದ್ದ ಹೊಲವಾದರೆ ಮಾತ್ರ ಕಿತ್ತು ಸುಡಿ. ಆಳವಾಗಿ ಉತ್ತು ಮಣ್ಣು ಮಗುಚಿದಷ್ಟೂ ಶಿಲೀಂಧ್ರದ ಎಳೆ ಹರಿಯುತ್ತದೆ, ಹರಗಿದರೆ ಸಾಕಾಗುವಲ್ಲಿ ನೇಗಿಲು ಇಳಿಸಬೇಡಿ. ಹಿಂಗಾರಿಗೆ ಜೋಳ ಅಥವಾ ಕಡಲೆ ಬಂದರೆ ಬೇರು ಮುಂದುವರಿಯುತ್ತದೆ. ಎಲೆಕೋಸು ಹಾಕಿದಿರೋ, ಮುಂದಿನ ಮುಂಗಾರಿಗೆ ಮತ್ತೆ ಹಂತ 4ರಿಂದ ಶುರು.